ಶಾಲೆಯ ಪ್ರೊಜೆಕ್ಟರ್ ಮಂಕಾಗಿದೆ, ನಡುನಡುವೆ ನಿಲ್ಲುತ್ತಿದೆ: ಏನು ಮಾಡಬೇಕು?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಹಳೆಯ ವಿದ್ಯಾರ್ಥಿಗಳು ಸೇರಿ, ಬಳಸಿದ ಪ್ರೊಜೆಕ್ಟರೊಂದನ್ನು ಶಾಲೆಗೆ ಕೊಟ್ಟಿದ್ದಾರೆ. ಅದರ ಮೇಲೆ 3000 ಲ್ಯೂಮೆನ್, 1024×768 ಎಂದು ಬರೆದಿದೆ. ಬೆಂಚಿನ ಮೇಲಿಟ್ಟು ಮೂತಿ ಮೇಲೆತ್ತಿ ನಡೆಸುತ್ತೇವೆ. ಚಿತ್ರ ಮೇಲುಗಡೆ ಅಗಲ, ಕೆಳಗಡೆ ಕಿರಿದು. ಹಗಲಿನಲ್ಲಿ ಮಂಕು, ಮಸ್ಕಿಯ ಅಶೋಕನ ಶಾಸನದ ಫೋಟೊ ಹಾಕಿದರೆ ಬರೀ ಬೂದಿ ಬಣ್ಣ ಕಾಣುತ್ತದೆ. ನಲವತ್ತು ನಿಮಿಷಕ್ಕೆ ತಾನಾಗಿ ನಿಂತುಬಿಡುತ್ತದೆ. ಕರೆಂಟ್ ಪದೇ ಪದೇ ಹೋಗುತ್ತದೆ. ಮಕ್ಕಳು ಲೆನ್ಸಿನೊಳಗೆ ಇಣುಕುತ್ತಾರೆ, ಕಣ್ಣಿಗೆ ಏನಾದರೂ ಆದೀತೇ? ಚಾವಣಿಗೆ ಹಾಕಿಸಬಹುದೇ, ಇಲ್ಲ ಹೊಸದನ್ನೇ ಕೊಳ್ಳುವುದು ಒಳ್ಳೆಯದೇ? ಇನ್ನೊಂದು ಮಾತು: ಕೇಬಲ್ ಹಾಕಿದಾಗ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ.

ಉತ್ತರ: ಮೇಡಂ, ನೀವು ಕೊನೆಗೆ ಬರೆದ ಮಾತಿನಿಂದಲೇ ಶುರು ಮಾಡುತ್ತೇನೆ. ಕೈ ಜುಮ್ ಅನ್ನುವುದು ನಿಲ್ಲುವವರೆಗೆ ಆ ಪ್ರೊಜೆಕ್ಟರನ್ನು ತರಗತಿಯಲ್ಲಿ ಹಚ್ಚಬೇಡಿ.

ಪ್ರೊಜೆಕ್ಟರಿನದು ಮೂರು ಪಿನ್ನಿನ ಪ್ಲಗ್. ಮೇಲಿನ ದಪ್ಪ ಪಿನ್ ಅರ್ಥಿಂಗ್‌ಗೆ. ಒಳಗಿನ ಪವರ್ ಸಪ್ಲೈಯಿಂದ ಅಷ್ಟಿಷ್ಟು ಕರೆಂಟ್ ಲೋಹದ ಭಾಗಗಳಿಗೆ ಸೋರುವುದು ಸಹಜ. ಅರ್ಥಿಂಗ್ ಗಟ್ಟಿಯಾಗಿದ್ದರೆ ಅದು ನೆಲಕ್ಕೆ ಇಳಿದುಹೋಗುತ್ತದೆ. ಅರ್ಥಿಂಗ್ ಸತ್ತಿದ್ದರೆ ಅದು ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲ್ಲಿನ ಹೊರಕವಚ ಹಿಡಿದು ಲ್ಯಾಪ್‌ಟಾಪಿಗೆ ಬಂದು ನಿಮ್ಮ ಕೈಗೆ ತಾಗುತ್ತದೆ. ಇವತ್ತು ಬರೀ ಜುಮ್ ಅನ್ನುತ್ತದೆ ನಿಜ. ಆದರೆ ನಾಳೆ ಒಳಗೆ ಎಲ್ಲೋ ಇನ್ಸುಲೇಷನ್ ಹೋಗಿ ಫೇಸ್ ನೇರವಾಗಿ ಲೋಹಕ್ಕೆ ತಾಗಿದರೆ ಕಾಪಾಡಲು ಏನೂ ಇರುವುದಿಲ್ಲ. ಎಚ್‌ಡಿಎಂಐ ಪೋರ್ಟುಗಳು ಸುಟ್ಟುಹೋಗುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಆ ಸಾಕೆಟ್ಟಿನ ಫೇಸ್ ಮತ್ತು ಅರ್ಥ್ ನಡುವೆ ಟೆಸ್ಟ್ ಲ್ಯಾಂಪ್ ಹಿಡಿಸಿ ನೋಡಿ. ಬಲ್ಬು ಮಂಕಾಗಿ ಉರಿದರೆ, ಉರಿಯದೇ ಇದ್ದರೆ, ಅರ್ಥಿಂಗ್ ಇಲ್ಲವೆಂದೇ ತಿಳಿಯಿರಿ. ಶಾಲೆಯ ಅರ್ಥ್ ಗುಂಡಿ ನಿಮ್ಮ ಕಡೆಯ ಬೇಸಿಗೆಯಲ್ಲಿ ಒಣಗಿ ಸುಮ್ಮನೆ ಕೂತಿರುವುದು ಹೊಸದಲ್ಲ. ಅದಕ್ಕೆ ಆಗಾಗ ನೀರು ಹಾಕಬೇಕು, ವೈರು ತುಕ್ಕು ಹಿಡಿದಿದ್ದರೆ ಬದಲಿಸಬೇಕು. ದಪ್ಪ ಪಿನ್ ಮುರಿದು ಅಥವಾ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಕೆಲಸ ನಡೆಸುವುದನ್ನು ಯಾರೇ ಮಾಡಿದರೂ ತಡೆಯಿರಿ. ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಎರಡನ್ನೂ ಒಂದೇ ಬೋರ್ಡಿನಿಂದ ತೆಗೆದುಕೊಳ್ಳಿ, ಕೇಬಲ್ಲನ್ನು ಎರಡೂ ಆಫ್ ಇರುವಾಗಲೇ ಸಿಕ್ಕಿಸಿ.

ಇನ್ನು ಬೆಳಕಿನ ವಿಚಾರ. ಪ್ರೊಜೆಕ್ಟರಿನ ಬಗ್ಗೆ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇಷ್ಟು: ಅದು ಬಿಳಿಯನ್ನು ಚೆಲ್ಲಬಲ್ಲದು, ಕಪ್ಪನ್ನು ಚೆಲ್ಲಲಾರದು. ಪರದೆಯ ಮೇಲೆ ಕಪ್ಪು ಕಾಣಬೇಕಾದ ಜಾಗದಲ್ಲಿ ಪ್ರೊಜೆಕ್ಟರ್ ಬೆಳಕು ಬೀಳಿಸುವುದಿಲ್ಲ, ಅಷ್ಟೇ. ಆ ಜಾಗದಲ್ಲಿ ಕಾಣುವುದು ಕೋಣೆಯ ಬೆಳಕು. ಗೋಡೆ ಎಷ್ಟು ಬೆಳ್ಳಗಿದೆಯೋ ನಿಮ್ಮ ಕಪ್ಪೂ ಅಷ್ಟೇ ಬೆಳ್ಳಗೆ.

ಲೆಕ್ಕ ಹಾಕಿ ನೋಡೋಣ. ಚಿತ್ರ 2 ಮೀಟರ್ ಅಗಲ, 1.5 ಮೀಟರ್ ಎತ್ತರ ಇದ್ದರೆ 3 ಚದರ ಮೀಟರ್ ಆಯಿತು. ಲ್ಯೂಮೆನ್ ಅಂದರೆ ಪ್ರೊಜೆಕ್ಟರ್ ಚೆಲ್ಲುವ ಒಟ್ಟು ಬೆಳಕಿನ ಅಳತೆ. ಡಬ್ಬಿಯ ಮೇಲೆ 3000 ಲ್ಯೂಮೆನ್ ಎಂದಿದ್ದರೂ ವಯಸ್ಸಾದ ಲ್ಯಾಂಪ್ ಅದರ ಅರ್ಧ ಕೊಟ್ಟರೆ ಹೆಚ್ಚು. 1500ನ್ನು 3ರಿಂದ ಭಾಗಿಸಿದರೆ ಪರದೆಯ ಮೇಲೆ ಬೀಳುವುದು 500 ಲಕ್ಸ್, ಅಂದರೆ ಪ್ರತಿ ಚದರ ಮೀಟರಿಗೆ 500 ಲ್ಯೂಮೆನ್. ಕಿಟಕಿ ತೆರೆದ ತರಗತಿಯ ಗೋಡೆಯ ಮೇಲೆ ಹಗಲಿನಲ್ಲಿ 300 ಲಕ್ಸ್ ಇದೆ ಅಂದುಕೊಳ್ಳಿ. ಆಗ ಚಿತ್ರದ ಬಿಳಿ 800, ಕಪ್ಪು 300. ಮೂರು ಪಟ್ಟೂ ವ್ಯತ್ಯಾಸವಿಲ್ಲ. ಅದೇ ಗೋಡೆಯ ಮೇಲೆ ಬೀಳುವ ಹೊರಬೆಳಕನ್ನು 30ಕ್ಕೆ ಇಳಿಸಿ ನೋಡಿ: ಬಿಳಿ 530, ಕಪ್ಪು 30, ಹದಿನೇಳು ಪಟ್ಟು. ಪ್ರೊಜೆಕ್ಟರ್ ಬದಲಾಗಲಿಲ್ಲ, ಗೋಡೆ ಬದಲಾಯಿತು. ಮಸ್ಕಿಯ ಶಾಸನ ನಿಮಗೆ ಕೈಕೊಟ್ಟದ್ದೂ ಇಲ್ಲೇ. ಬೂದು ಬಂಡೆ, ಅದರ ಮೇಲೆ ಕೊರೆದ ಬ್ರಾಹ್ಮಿ ಅಕ್ಷರಗಳು, ಆ ಗೀರುಗಳ ತಳದಲ್ಲಿ ಇಷ್ಟೇ ಇಷ್ಟು ನೆರಳು. ಅಕ್ಷರ ಅಂತ ಕಣ್ಣು ಗುರುತಿಸುವುದೇ ಆ ನೆರಳನ್ನು. ಕಿಟಕಿಯ ಬೆಳಕು ಮೊದಲು ಅಳಿಸುವುದೂ ಅದನ್ನೇ. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರದ ಪಾಠ ಹೇಗೋ ಓದಲು ಬಂದೀತು, 'ದೇವಾನಂಪಿಯಸ ಅಸೋಕಸ' ಎಂಬ ಸಾಲನ್ನು ಕಲ್ಲಿನ ಮೇಲೆ ಬೆರಳಿಟ್ಟು ತೋರಿಸಬೇಕಾದರೆ ಕತ್ತಲು ಬೇಕೇ ಬೇಕು. ರಾಯಚೂರಿನ ಮಕ್ಕಳಿಗೆ ಮನೆ ಹತ್ತಿರದ ಶಾಸನವೇ ಬೂದಿಯಾಗಿ ಕಂಡರೆ ನಿಮಗೆ ಬೇಜಾರಾಗುವುದು ಸರಿಯೇ.

ನಲವತ್ತೈವತ್ತು ಮಕ್ಕಳಿರುವ ಕೋಣೆಯ ಎಲ್ಲ ಕಿಟಕಿ ಮುಚ್ಚಿ ಅಂತ ನಾನು ಹೇಳುವುದಿಲ್ಲ, ಆ ಸೆಕೆಯಲ್ಲಿ ಪಾಠವೇ ನಡೆಯದು. ಮುಚ್ಚಬೇಕಾದದ್ದು ಪರದೆಗೆ ಹತ್ತಿರದ ಎರಡು ಕಿಟಕಿ ಮಾತ್ರ, ದಪ್ಪ ಕಪ್ಪು ಬಟ್ಟೆಯಿಂದ. ಚಿತ್ರ ಬೀಳಿಸುವುದಕ್ಕೆ ಬಾಗಿಲಿಂದ ದೂರದ, ಎದುರಿಗೆ ಕಿಟಕಿ ಇಲ್ಲದ ಗೋಡೆ ಆರಿಸಿ. ಆಮೇಲೆ ಚಿತ್ರದ ಎರಡೂ ಪಕ್ಕ ಮತ್ತು ಮೇಲುಗಡೆ, ಗೋಡೆಯಿಂದ ಒಂದೂವರೆ ಅಡಿ ಮುಂದೆ ಚಾಚುವ ಹಾಗೆ ಫ್ರಿಜ್ ಪೆಟ್ಟಿಗೆಯ ದಪ್ಪ ರಟ್ಟನ್ನು ಕಪ್ಪು ಬಳಿದು ರೆಕ್ಕೆಯಂತೆ ನಿಲ್ಲಿಸಿ. ಪಕ್ಕದಿಂದ ಜಾರಿ ಬರುವ ಬೆಳಕನ್ನು ಆ ರೆಕ್ಕೆ ತಡೆಯುತ್ತದೆ. ಖರ್ಚು ಏನೂ ಇಲ್ಲ, ನಾನು ನೋಡಿದ ಶಾಲೆಗಳಲ್ಲಿ ಇದರಷ್ಟು ಕೆಲಸಕ್ಕೆ ಬಂದ ಉಪಾಯ ಇನ್ನೊಂದಿಲ್ಲ. ಅಷ್ಟಕ್ಕೂ ಸಾಲದಿದ್ದರೆ ಚಿತ್ರವನ್ನು ಚಿಕ್ಕದು ಮಾಡಿ. ಅಗಲ 2 ಮೀಟರಿನಿಂದ 1.6ಕ್ಕೆ ಇಳಿದರೆ ಅದೇ 1500 ಲ್ಯೂಮೆನ್ ಪ್ರತಿ ಚದರ ಮೀಟರಿಗೆ 500ರ ಬದಲು 780ರಷ್ಟು ಬೀಳುತ್ತದೆ. ಚಿಕ್ಕದಾಗಿಸುವಾಗ ಹಿಂದಿನ ಬೆಂಚು ನೆನಪಿರಲಿ: ಓದುವ ಅಕ್ಷರಗಳಿದ್ದರೆ ಕೊನೆಯ ಮಗು ಚಿತ್ರದ ಎತ್ತರದ ಆರು ಪಟ್ಟಿಗಿಂತ ದೂರ ಇರಬಾರದು. ಒಂದೂವರೆ ಮೀಟರ್ ಎತ್ತರದ ಚಿತ್ರಕ್ಕೆ 9 ಮೀಟರ್, 1.2 ಮೀಟರಿನದಕ್ಕೆ ಏಳು ಚಿಲ್ಲರೆ.

ಗೋಡೆಗೆ ಹೊಳಪಿಲ್ಲದ ಬಿಳಿ ಡಿಸ್ಟೆಂಪರ್ ಸಾಕು. ಆಯಿಲ್ ಪೇಂಟ್ ಬೇಡ, ನಡುವೆ ದೀಪದಂಥ ಹೊಳಪು ಕಾಣುತ್ತದೆ. ಫ್ಲೆಕ್ಸಿನ ನುಣುಪು ಮುಖದಲ್ಲೂ ಅದೇ ತೊಂದರೆ.

ಮೇಲೆ ಅಗಲ, ಕೆಳಗೆ ಕಿರಿದು ಅಂದಿರಲ್ಲ, ಅದು ಮೂತಿ ಎತ್ತಿದ್ದರ ಫಲ. ಚಿತ್ರದ ಮೇಲಂಚಿಗೆ ಬೆಳಕು ಹೆಚ್ಚು ದೂರ ಸಾಗುತ್ತದೆ, ಹೆಚ್ಚು ಹರಡುತ್ತದೆ. ಮೆನುವಿನಲ್ಲಿ ಕೀಸ್ಟೋನ್ ಎಂಬ ಆಯ್ಕೆ ಇದೆ, ಒತ್ತಿದರೆ ಚಿತ್ರದ ಅಂಚುಗಳು ನೇರವಾಗುತ್ತವೆ. ಆದರೆ ಅದು ಬಿಟ್ಟಿಯಲ್ಲ. ಮೇಲಿನ ಸಾಲಿನ 1024 ಚುಕ್ಕೆಗಳಲ್ಲಿ ಒಂದಷ್ಟನ್ನು ನಂದಿಸಿ, ಉಳಿದವುಗಳೊಳಗೆ ಇಡೀ ಸಾಲನ್ನು ತುರುಕುತ್ತದೆ. ಇಂಗ್ಲಿಷ್ ಅಕ್ಷರ ಇದನ್ನು ಹೇಗೋ ತಡೆದುಕೊಳ್ಳುತ್ತದೆ, ಕನ್ನಡ ತಡೆಯುವುದಿಲ್ಲ. 'ರಾಷ್ಟ್ರಕೂಟ' ಅಂತ ಸಣ್ಣ ಅಕ್ಷರದಲ್ಲಿ ಬರೆದು, ಕೀಸ್ಟೋನ್ ಪೂರ್ತಿ ಹಾಕಿ, ಕೊನೆಯ ಬೆಂಚಿಗೆ ಹೋಗಿ ಕೂತು ನೋಡಿ. ಷಕಾರದ ಕೆಳಗಿನ ಟ ಒತ್ತು, ರ ಒತ್ತು ಎರಡೂ ಕೂಡಿಕೊಂಡು ಒಂದು ಮಸಿಚುಕ್ಕೆಯಾಗಿರುತ್ತವೆ. ಮಕ್ಕಳು ಅದನ್ನು ಓದುವುದಿಲ್ಲ, ಊಹಿಸುತ್ತಾರೆ. ಕನ್ನಡದ ಪಾಠಕ್ಕೆ ಇಂಗ್ಲಿಷಿನವರು ಇಡುವುದಕ್ಕಿಂತ ಅಕ್ಷರದ ಅಳತೆ ದೊಡ್ಡದಿರಲಿ, ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಇರಲಿ.

ಕೀಸ್ಟೋನ್ ಬೇಡವೆಂದರೆ ಪ್ರೊಜೆಕ್ಟರ್ ಮಟ್ಟವಾಗಿ, ಗೋಡೆಗೆ ನೇರವಾಗಿ ಕೂರಬೇಕು. ಈ ಬಗೆಯ ಪ್ರೊಜೆಕ್ಟರುಗಳ ಬೆಳಕು ಲೆನ್ಸಿನಿಂದ ಮೇಲ್ಮುಖವಾಗಿ ಹೊರಡುವಂತೆ ಮಾಡಿರುತ್ತಾರೆ. ಮಟ್ಟವಾಗಿ ಇಟ್ಟರೆ ಲೆನ್ಸು ಹೆಚ್ಚುಕಡಿಮೆ ಚಿತ್ರದ ಕೆಳ ಅಂಚಿನ ಎತ್ತರಕ್ಕೆ ಬರುತ್ತದೆ. ಮುಂದಿನ ಮಕ್ಕಳ ತಲೆ ಅಡ್ಡ ಬಾರದಂತೆ ಚಿತ್ರದ ಕೆಳ ಅಂಚು ನೆಲದಿಂದ 1.2 ಮೀಟರ್ ಮೇಲಿರಬೇಕು. ಹಾಗಾದರೆ ಲೆನ್ಸೂ 1.2 ಮೀಟರಿನಲ್ಲಿ. ಬೆಂಚಿನ ಮೇಲೆ ಕೂತ ಮಕ್ಕಳ ಕಣ್ಣೂ ಸರಿಸುಮಾರು ಅಲ್ಲೇ.

ಕಣ್ಣಿನ ಪ್ರಶ್ನೆಗೆ ಇಲ್ಲೇ ಉತ್ತರ ಕೊಡುತ್ತೇನೆ. ಹೌದು, ಅಪಾಯ ಇದೆ. ಪ್ರೊಜೆಕ್ಟರುಗಳ ಬೆಳಕಿಗೆ ಐಇಸಿ 62471 ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡವಿದೆ. ಶಾಲೆ, ಕಚೇರಿಗಳ ಎಷ್ಟೋ ಪ್ರೊಜೆಕ್ಟರುಗಳು ಅದರಲ್ಲಿ ಆರ್‌ಜಿ2 ಗುಂಪಿಗೆ ಸೇರುತ್ತವೆ. ಆರ್‌ಜಿ2 ಎಂದರೆ ಬೆಳಕಿನ ಕೋಲನ್ನು ದಿಟ್ಟಿಸಿ ನೋಡಬಾರದು ಎಂದರ್ಥ. ಅಕಸ್ಮಾತ್ ಕಣ್ಣಿಗೆ ಬಿದ್ದರೆ ರೆಪ್ಪೆ ತಾನೇ ಮುಚ್ಚಿಕೊಳ್ಳುತ್ತದೆ, ಮುಖ ತಿರುಗುತ್ತದೆ, ಅದರಿಂದ ಹಾನಿಯಿಲ್ಲ. ಆದರೆ ಮಕ್ಕಳು ಪಂದ್ಯ ಕಟ್ಟಿ ಇಣುಕುತ್ತಾರೆ. ಅದೂ ಕತ್ತಲು ಮಾಡಿದ ಕೋಣೆಯಲ್ಲಿ, ಕಣ್ಣಿನ ಪಾಪೆ ಅಗಲವಾಗಿ ತೆರೆದಿರುವಾಗ. ಲೆನ್ಸಿಗೆ ಹತ್ತಿರ ಹೋದಷ್ಟೂ ಕೆಟ್ಟದ್ದು. ಚಿತ್ರದ ಮುಂದೆ ನಿಂತು ಮಕ್ಕಳ ಕಡೆ ಮುಖ ಮಾಡಿ ಪಾಠ ಹೇಳುವ ಶಿಕ್ಷಕರ ಕಣ್ಣಿಗೂ ದಿನವಿಡೀ ಅದೇ ಬೆಳಕು, ಆದ್ದರಿಂದ ನೀವು ಪಕ್ಕದಲ್ಲಿ ನಿಂತು ಉದ್ದ ಕೋಲಿನಿಂದ ತೋರಿಸಿ.

ಮಾತಿನಲ್ಲಿ ಗದರುವುದಕ್ಕಿಂತ ಕಣ್ಣಿಗೆ ಎಟುಕದ ಹಾಗೆ ಇಡುವುದೇ ಸರಿಯಾದ ದಾರಿ. ಹಾಗಾಗಿ ಚಾವಣಿಗೆ ಹಾಕಿಸಿ ಅನ್ನುವುದೇ ನನ್ನ ಸಲಹೆ. ತಲೆಕೆಳಗಾಗಿ ತೂಗಿಬಿಟ್ಟರೆ ಲೆನ್ಸು ಚಿತ್ರದ ಮೇಲಂಚಿನ ಎತ್ತರಕ್ಕೆ, ಅಂದರೆ 2.7 ಮೀಟರ್ ಆಸುಪಾಸಿಗೆ ಹೋಗುತ್ತದೆ. ಮೆನುವಿನಲ್ಲಿ ಸೀಲಿಂಗ್ ಅಂತ ಆರಿಸಿದರೆ ಚಿತ್ರ ನೆಟ್ಟಗಾಗುತ್ತದೆ. ಗೋಡೆಯಿಂದ ಎಷ್ಟು ದೂರ ಅನ್ನುವುದು ಥ್ರೋ ರೇಶಿಯೊ ಎಂಬ ಸಂಖ್ಯೆಯಿಂದ ಗೊತ್ತಾಗುತ್ತದೆ, ಕೈಪಿಡಿಯಲ್ಲಿ ಬರೆದಿರುತ್ತದೆ. 1.5 ಎಂದಿದ್ದರೆ 2 ಮೀಟರ್ ಅಗಲದ ಚಿತ್ರಕ್ಕೆ 3 ಮೀಟರ್ ದೂರ.

ಡ್ರಿಲ್ ಹಾಕುವ ಮುಂಚೆ ದಯವಿಟ್ಟು ಒಂದು ಕೆಲಸ ಮಾಡಿ. ಮೇಸ್ತ್ರಿಗಳ ಹಾಗೆ, ಪ್ರೊಜೆಕ್ಟರ್ ಬರುವ ಜಾಗದಿಂದ ಚಿತ್ರದ ನಾಲ್ಕು ಮೂಲೆಗೂ ದಾರ ಎಳೆದು ಕಟ್ಟಿ. ದಾರಕ್ಕೆ ಸೀಲಿಂಗ್ ಫ್ಯಾನಿನ ರೆಕ್ಕೆ ತಾಗುತ್ತದೆಯೇ ನೋಡಿ. ನಮ್ಮ ತರಗತಿಗಳಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದು: ಎಲ್ಲ ಗಟ್ಟಿಯಾಗಿ ಕೂರಿಸಿ ಹಚ್ಚಿದ ಮೇಲೆ ಚಿತ್ರದ ಮೇಲೆ ಫ್ಯಾನಿನ ನೆರಳು ಗರಗರ ತಿರುಗುತ್ತಿರುತ್ತದೆ. ಫ್ಯಾನ್ ನಿಲ್ಲಿಸಿದರೆ ಮಕ್ಕಳು ಬೇಯುತ್ತಾರೆ. ಚಾವಣಿ ಆರ್‌ಸಿಸಿ ಆಗಿದ್ದರೆ ಲೋಹದ ಆಂಕರ್ ಬೋಲ್ಟ್ ಹಾಕಿಸಿ, ಪ್ಲಾಸ್ಟಿಕ್ ಪ್ಲಗ್ಗಿಗೆ ಮಕ್ಕಳ ತಲೆಯ ಮೇಲಿನ ಭಾರ ಒಪ್ಪಿಸಬೇಡಿ. ಜೊತೆಗೆ ಬೇರೊಂದು ಬೋಲ್ಟಿಗೆ ಕಟ್ಟಿದ ಉಕ್ಕಿನ ತಂತಿ ಇರಲಿ, ಬ್ರಾಕೆಟ್ ಬಿಟ್ಟುಕೊಂಡರೂ ಪ್ರೊಜೆಕ್ಟರ್ ಕೆಳಗೆ ಬೀಳುವುದಿಲ್ಲ. ಹಳೇ ಕೋಣೆಯ ಕಲ್ಲುಚಪ್ಪಡಿ ಚಾವಣಿಯಾದರೆ ಅದಕ್ಕೆ ಡ್ರಿಲ್ ತಾಗಿಸಲೇಬೇಡಿ. ಗೋಡೆಯಿಂದ ಗೋಡೆಗೆ ಜಿಐ ಪೈಪ್ ಹಾಕಿಸಿ ಅದಕ್ಕೆ ತೂಗಿ. ಚಾವಣಿಗೆ ಹಾಕುವವರೆಗೆ ಎತ್ತರದ ಸ್ಟ್ಯಾಂಡ್, ಸುತ್ತ ಮಕ್ಕಳು ಬಾರದಂತೆ ಹಗ್ಗ, ನೆಲದ ಕೇಬಲ್ ಮೇಲೆ ಅಗಲ ಟೇಪು. ಕೇಬಲ್ಲಿಗೆ ಕಾಲು ಸಿಕ್ಕಿ ಪ್ರೊಜೆಕ್ಟರ್ ಬೀಳುವುದು ಆಗಾಗ ನಡೆಯುತ್ತದೆ.

ನಲವತ್ತು ನಿಮಿಷಕ್ಕೆ ನಿಲ್ಲುವುದು ಬಹುಪಾಲು ಬಿಸಿಯಿಂದ. ಪಕ್ಕದಲ್ಲಿ ಟೆಂಪ್ ಎಂಬ ಕೆಂಪು ದೀಪ ಹೊತ್ತಿದರೆ ಅನುಮಾನವೇ ಬೇಡ. ಒಳಗಿನ ಲ್ಯಾಂಪ್ ಪಾದರಸದ ಆವಿಯದು. ಹುಣಸೆ ಬೀಜದಷ್ಟು ಗಾಜಿನ ಕೋಶದೊಳಗೆ, ವಾತಾವರಣದ ಒತ್ತಡದ 200 ಪಟ್ಟು ಒತ್ತಡದಲ್ಲಿ ಕಿಡಿ ಉರಿಯುತ್ತಿರುತ್ತದೆ. ಆ ಗಾಜಿನ ಗೋಡೆಯೇ ಸುಮಾರು ಸಾವಿರ ಡಿಗ್ರಿ ಕಾದಿರುತ್ತದೆ. ಅದನ್ನು ಕಾಪಾಡುತ್ತಿರುವುದು ಒಂದು ಫ್ಯಾನು, ಒಂದು ಫಿಲ್ಟರ್. ಸೀಮೆಸುಣ್ಣದ ಪುಡಿ ಆ ಫಿಲ್ಟರನ್ನು ಗೋಡೆಗೆ ಸುಣ್ಣ ಬಳಿದಂತೆ ಮುಚ್ಚುತ್ತದೆ. ಪ್ರೊಜೆಕ್ಟರ್ ತಣ್ಣಗಿರುವಾಗ ಪ್ಲಗ್ ಕಿತ್ತು, ಫಿಲ್ಟರ್ ಹೊರತೆಗೆದು, ಮೆತ್ತನೆ ಬ್ರಷ್ಷಿನಿಂದ ಹೊರಗಡೆ ಹೋಗಿ ಕೊಡವಿ. ಕೈಪಿಡಿ ಹೇಳದ ಹೊರತು ತೊಳೆಯಬೇಡಿ, ಹರಿದಿದ್ದರೆ ಹೊಸದು ಹಾಕಿ. ಏರ್ ಬ್ಲೋವರ್ ಹಿಡಿದು ಒಳಗೆ ಊದುವವರಿದ್ದಾರೆ, ಬೇಡ, ಆ ಧೂಳು ಒಳಗೆ ಹೋಗಿ ಚಿತ್ರದ ಮೇಲೆ ಕಲೆಯಾಗಿ ಕೂರುತ್ತದೆ. ನಿಮ್ಮ ಶಾಲೆಯಲ್ಲಿ ತಿಂಗಳಿಗೊಮ್ಮೆ ಈ ಕೆಲಸ ಆಗಬೇಕು. ಡಿಎಲ್‌ಪಿ, ಅಂದರೆ ಪುಟ್ಟ ಕನ್ನಡಿಗಳ ಚಿಪ್ಪಿನಿಂದ ಚಿತ್ರ ಮೂಡಿಸುವ, ಕೆಲವು ಮಾದರಿಗಳಿಗೆ ಫಿಲ್ಟರೇ ಇರುವುದಿಲ್ಲ, ಅವುಗಳಲ್ಲಿ ಗಾಳಿಯ ಜಾಲರಿ ಒರೆಸಿದರೆ ಸಾಕು.

ಬಿಸಿಗಾಳಿ ಹೊರಬರುವ ಕಡೆ ಒಂದಡಿ ಜಾಗ ಖಾಲಿ ಇರಲಿ. ಮೂತಿ ಎತ್ತಲು ಕೆಳಗೆ ಪುಸ್ತಕ ಇಟ್ಟಿದ್ದರೆ ತೆಗೆಯಿರಿ, ಕೆಲವು ಮಾದರಿಗಳು ಉಸಿರೆಳೆಯುವುದೇ ಹೊಟ್ಟೆಯ ಕೆಳಗಿನಿಂದ. ಸಾಮಾನ್ಯ ಪ್ರೊಜೆಕ್ಟರ್ 35 ಡಿಗ್ರಿಯವರೆಗಿನ ಕೋಣೆಗೆ ಮಾಡಿದ್ದು, ಇನ್ನು ಕೆಲವು 40. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಎಷ್ಟೋ ದಿನ ಇವೆರಡನ್ನೂ ದಾಟುತ್ತದೆ. ಬೇಸಿಗೆಯಲ್ಲಿ ಪ್ರೊಜೆಕ್ಟರ್ ಪಾಠವನ್ನು ಬೆಳಗಿನ ಮೊದಲೆರಡು ಪೀರಿಯಡ್ಡಿಗೆ ಇಟ್ಟುಕೊಳ್ಳಿ, ಆಗ ಬಿಸಿಲೂ ಕಡಿಮೆ. ಲ್ಯಾಂಪನ್ನು ಇಕೋ ಮೋಡಿನಲ್ಲಿ ನಡೆಸಿದರೆ ಬಿಸಿ ಕಡಿಮೆ, ಆಯಸ್ಸು ಹೆಚ್ಚು, ಬೆಳಕು ಸ್ವಲ್ಪ ಇಳಿಯುತ್ತದೆ.

ಪಾಠದ ನಡುವೆ ಚಿತ್ರ ಮರೆಮಾಡಲು ಲೆನ್ಸಿನ ಮುಂದೆ ಪುಸ್ತಕವನ್ನೋ ಮುಚ್ಚಳವನ್ನೋ ಇಡುವ ರೂಢಿ ನಿಮ್ಮಲ್ಲೂ ಇದ್ದರೆ ಇವತ್ತೇ ಬಿಡಿಸಿ. ಅಷ್ಟೂ ಬೆಳಕು ಆ ವಸ್ತುವಿನ ಮೇಲೆ ಬಿದ್ದು ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಮುಚ್ಚಳ ಕರಗಿ ಲೆನ್ಸಿಗೆ ಅಂಟಿದ್ದನ್ನು ನಾನು ಕಿತ್ತು ತೆಗೆದಿದ್ದೇನೆ. ರಿಮೋಟಿನಲ್ಲಿ ಬ್ಲ್ಯಾಂಕ್ ಅಥವಾ ಎವಿ ಮ್ಯೂಟ್ ಬಟನ್ ಇದೆ, ಅದನ್ನು ಒತ್ತಿ.

ಕರೆಂಟ್ ಹೋಗುವುದು ಲ್ಯಾಂಪಿಗೆ ದೊಡ್ಡ ಶತ್ರು. ಆಫ್ ಬಟನ್ ಒತ್ತಿದ ಮೇಲೂ ಫ್ಯಾನ್ ಒಂದೆರಡು ನಿಮಿಷ ತಿರುಗುವುದು ಲ್ಯಾಂಪ್ ತಣ್ಣಗಾಗಲೆಂದೇ. ಅದು ನಿಲ್ಲುವವರೆಗೆ ಗೋಡೆಯ ಸ್ವಿಚ್ ಮುಟ್ಟಬಾರದು. ಕರೆಂಟ್ ಹೋದಾಗ ಆ ಫ್ಯಾನೂ ನಿಂತು, ಬಿಸಿ ಒಳಗೇ ಉಳಿಯುತ್ತದೆ. 1000 ವಿಎ ಯುಪಿಎಸ್ ಒಂದಿದ್ದರೆ ಸಾಕು, ಪಾಠ ಮುಂದುವರಿಸುವುದಕ್ಕಲ್ಲ, ಕ್ರಮವಾಗಿ ಆಫ್ ಮಾಡಿ ಫ್ಯಾನ್ ತಿರುಗಿಸುವುದಕ್ಕೆ. ಯುಪಿಎಸ್ ಬರುವವರೆಗೆ, ಕರೆಂಟ್ ಹೋದ ಕೂಡಲೇ ಪ್ಲಗ್ ಕಿತ್ತುಬಿಡಿ, ಮೇಲೆ ಬಟ್ಟೆ ಮುಚ್ಚಬೇಡಿ, ಜಾಗದಿಂದ ಎತ್ತಬೇಡಿ, ಇಪ್ಪತ್ತು ನಿಮಿಷ ಬಿಟ್ಟು ಹಚ್ಚಿ. ಬಿಸಿ ಲ್ಯಾಂಪಿನೊಳಗೆ ಒತ್ತಡ ಎಷ್ಟಿರುತ್ತದೆಂದರೆ ಕಿಡಿ ಹತ್ತುವುದೇ ಇಲ್ಲ, ಒತ್ತಿ ಒತ್ತಿ ಹಚ್ಚಲು ನೋಡಿದರೆ ಹಾಳಾಗುವುದು ಲ್ಯಾಂಪೇ. ಸ್ಟೆಬಿಲೈಜರ್ ಬೇಕಿಲ್ಲ, ಇವು ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗೆ ನಡೆಯುತ್ತವೆ. ಹೆದರಬೇಕಾದ್ದು ಸಿಡಿಲಿಗೆ, ಮತ್ತು ಕಂಬದಲ್ಲಿ ನ್ಯೂಟ್ರಲ್ ಕಡಿದು 230ರ ಬದಲು 400ರ ಹತ್ತಿರ ಬರುವುದಕ್ಕೆ. ಬಲ್ಬುಗಳು ಇದ್ದಕ್ಕಿದ್ದಂತೆ ಅತಿಯಾಗಿ ಬೆಳಗಿದರೆ ಮೊದಲು ಮೇನ್ ಆಫ್ ಮಾಡಿ. ಗುಡುಗುವ ಸಂಜೆ ಪ್ಲಗ್ಗೂ ಎಚ್‌ಡಿಎಂಐ ಕೇಬಲ್ಲೂ ಎರಡೂ ಬಿಚ್ಚಿರಲಿ.

ಲ್ಯಾಂಪ್ ಒಡೆಯುವ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ವರ್ಷಗಳ ಹಿಂದೆ ಕಾಲೇಜೊಂದರ ಸೆಮಿನಾರ್ ಹಾಲಿನಲ್ಲಿ ನಾನಿದ್ದಾಗಲೇ ಪಟ್ ಎಂದು, ಟ್ಯೂಬ್‌ಲೈಟ್ ಒಡೆದಂಥ ಶಬ್ದವಾಗಿ ಪರದೆ ಕತ್ತಲಾಯಿತು. ಲ್ಯಾಂಪಿನ ಆಯಸ್ಸು ಎಂದೋ ಮುಗಿದಿತ್ತು. ಎಚ್ಚರಿಕೆಯ ಸಂದೇಶ ಕಿರಿಕಿರಿ ಅಂತ ಯಾರೋ ಲ್ಯಾಂಪ್ ಬದಲಿಸದೆ ಗಂಟೆಯ ಲೆಕ್ಕವನ್ನು ಮಾತ್ರ ಸೊನ್ನೆ ಮಾಡಿದ್ದರು. ಸಹಾಯಕ ಹುಡುಗನೊಬ್ಬ ಓಡಿಬಂದು ಬರಿಗೈಯಲ್ಲಿ ಚೂರು ತೆಗೆಯಲು ಕೈ ಹಾಕಿದ. ನಾನು ಕೂಗಿ ಹಿಂದಕ್ಕೆಳೆದೆ. ಒಳಗಿರುವ ಪಾದರಸ ಮಿಲಿಗ್ರಾಂ ಲೆಕ್ಕದ್ದು, ಆದರೂ ಉಸಿರಿಗೆ ಹೋಗಬಾರದು. ಹಾಗಾದರೆ ಪ್ಲಗ್ ಕಿತ್ತು, ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ಬಾಗಿಲು ತೆರೆದು ಅರ್ಧ ಗಂಟೆಯಾದರೂ ಬಿಡಿ. ಚೂರುಗಳನ್ನು ಗ್ಲೌಸ್ ಹಾಕಿ ರಟ್ಟಿನಿಂದ ಎತ್ತಿ ಮುಚ್ಚಳದ ಡಬ್ಬಿಗೆ ಹಾಕಿ, ಪೊರಕೆಯಿಂದ ಗುಡಿಸಬೇಡಿ. ಹಳೆಯ ಲ್ಯಾಂಪ್, ಒಡೆದ ಲ್ಯಾಂಪ್ ಎರಡೂ ಇ-ತ್ಯಾಜ್ಯ ನಿಯಮದ ಅಡಿ ಬರುತ್ತವೆ, ಕಸದ ಗುಂಡಿಗಲ್ಲ.

ಹೊಸದು ಕೊಳ್ಳುವ ಮಾತು ಎತ್ತುವ ಮೊದಲು ಮೆನುವಿನಲ್ಲಿ ಲ್ಯಾಂಪ್ ಅವರ್ಸ್ ನೋಡಿ. 3000ದಿಂದ 5000 ಗಂಟೆ ಇಂಥ ಲ್ಯಾಂಪಿನ ಸಾಮಾನ್ಯ ಆಯಸ್ಸು, ಅದು ಮುಗಿಯುವ ಹೊತ್ತಿಗೆ ಬೆಳಕು ಅರ್ಧಕ್ಕೆ ಇಳಿದಿರುತ್ತದೆ. ಒಂದು ಒಳ್ಳೆಯ ಲ್ಯಾಂಪ್ ಹಾಕಿದರೆ ನಿಮ್ಮ ಪ್ರೊಜೆಕ್ಟರ್ ಇನ್ನೂ ಕೆಲವು ವರ್ಷ ಬಾಳೀತು. ದಿನಕ್ಕೆ ಎರಡು ಗಂಟೆ, ವರ್ಷಕ್ಕೆ 220 ದಿನ ನಡೆಸಿದರೂ 440 ಗಂಟೆಯಷ್ಟೇ. ಬದಲಿಸುವಾಗ ಆಫ್ ಮಾಡಿ ಒಂದು ಗಂಟೆ ಕಾಯಿರಿ, ಗಾಜಿಗೆ ಬೆರಳು ತಾಗಿಸಬೇಡಿ. ಬೆರಳಿನ ಜಿಡ್ಡು ಕಾದು ಅಲ್ಲೇ ಬಿರುಕು ಬಿಡುತ್ತದೆ. ಹೊಸದೇ ಬೇಕೆಂದು ತೀರ್ಮಾನವಾದರೆ ಲೇಸರ್ ಮಾದರಿ ನೋಡಿ: 20,000 ಗಂಟೆ ಆಯಸ್ಸು, ಪಾದರಸ ಇಲ್ಲ, ಕರೆಂಟ್ ಹೋದರೂ ಲ್ಯಾಂಪಿನಷ್ಟು ನರಳುವುದಿಲ್ಲ. ಆನ್‌ಲೈನಿನಲ್ಲಿ '9000 ಲ್ಯೂಮೆನ್' ಅಂತ ಅಗ್ಗಕ್ಕೆ ಮಾರುವ ಪುಟ್ಟ ಎಲ್‌ಇಡಿ ಪೆಟ್ಟಿಗೆಗಳಿಗೆ ಶಾಲೆಯ ದುಡ್ಡು ಹಾಕಬೇಡಿ. ಲ್ಯೂಮೆನ್ ಎಂಬ ಪದದ ಹಿಂದೆ ಆನ್ಸಿ ಅಥವಾ ಐಎಸ್‌ಒ ಎಂದು (ಇವು ಬೆಳಕು ಅಳೆಯುವ ಮಾನದಂಡಗಳ ಹೆಸರು) ಇಲ್ಲದಿದ್ದರೆ ಆ ಸಂಖ್ಯೆಗೆ ಬೆಲೆ ಇಲ್ಲ.

ಚಿಕ್ಕದೊಂದು ಉಳಿದಿದೆ. ಕೇಬಲ್ ಹಾಕಿದರೂ ಚಿತ್ರ ಬರದಿದ್ದರೆ ವಿಂಡೋಸ್ ಕೀ ಒತ್ತಿ ಹಿಡಿದು ಪಿ ಒತ್ತಿ, ಡುಪ್ಲಿಕೇಟ್ ಆರಿಸಿ. ಫ್ಯಾನಿನ ಸದ್ದು ವಿಪರೀತ ಇದ್ದರೆ ಮೆನುವಿನಲ್ಲಿ ಹೈ ಆಲ್ಟಿಟ್ಯೂಡ್ ಎಂಬುದು ಆನ್ ಆಗಿದೆಯೇ ನೋಡಿ. ಅದು ಸಾಮಾನ್ಯವಾಗಿ ಸಮುದ್ರಮಟ್ಟದಿಂದ 1500 ಮೀಟರಿಗೂ ಮೇಲಿನ ತೆಳುಗಾಳಿಯ ಊರುಗಳಿಗೆ. 900 ಮೀಟರಿನ ಬೆಂಗಳೂರಿಗೇ ಬೇಡ, ನಿಮ್ಮ ಬಯಲಿಗೆ ಖಂಡಿತ ಬೇಡ.

ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡಿದ ಮೇಲೆ ಏನು ಹೇಳಿದರು, ಮೆನುವಿನಲ್ಲಿ ಲ್ಯಾಂಪ್ ಎಷ್ಟು ಗಂಟೆ ತೋರಿಸುತ್ತಿದೆ, ಪ್ರೊಜೆಕ್ಟರಿನ ತಳದ ಸ್ಟಿಕ್ಕರಿನಲ್ಲಿರುವ ಮಾದರಿ ಸಂಖ್ಯೆ ಏನು, ಈ ಮೂರನ್ನು ಬರೆದು ಕಳಿಸಿ. ಗೋಡೆಯಿಂದ ಎಷ್ಟು ಅಡಿಗೆ ಬೋಲ್ಟ್ ಹಾಕಿಸಬೇಕೆಂದು ಅಳತೆ ಸಮೇತ ತಿಳಿಸುತ್ತೇನೆ.